ರಿಕವರಿ ಪಾರ್ಟಿಶನ್ ಇದೆ ಸರಿ, ಅದನ್ನು ಎಬ್ಬಿಸುವವರು ಯಾರು?

ಪ್ರಶ್ನೆ: ಹಳ್ಳಿ ಡೈರಿಗಳ ಹಾಲಿನ ಕೂಲರ್‌ಗೆ ಕೂರಿಸುವ, ತಾಪಮಾನ ದಾಖಲಿಸುವ ಪೆಟ್ಟಿಗೆ ಮಾಡಿಕೊಡುತ್ತೇವೆ. ಒಳಗಿರುವುದು ಬೀಗಲ್‌ಬೋನ್ ಬ್ಲ್ಯಾಕ್ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್, ಅದರ ಮೇಲೇ ಇರುವ 4 ಜಿಬಿ ಇಎಂಎಂಸಿ ಫ್ಲ್ಯಾಶ್ ಸಂಗ್ರಹ, ಡೆಬಿಯನ್ ಲಿನಕ್ಸ್. ಹಾಸನದ ಸುತ್ತಮುತ್ತ 40 ಕಡೆ ಇವೆ. ಕರೆಂಟ್ ಹೋಗಿ ಬಂದಾಗ ಒಂದೊಂದು ಸಲ ಯಾವುದೋ ಒಂದು ಏಳುವುದೇ ಇಲ್ಲ. ಎಸ್‌ಡಿ ಕಾರ್ಡ್ ಜೇಬಿಗೆ ಹಾಕಿಕೊಂಡು ಬೈಕಿನಲ್ಲಿ ಹೋಗಿ ಮತ್ತೆ ಬರೆದು ಬರಬೇಕು. ಇದು ತಪ್ಪಲಿ ಎಂದು ಇಎಂಎಂಸಿಯಲ್ಲಿ 1.5 ಜಿಬಿ ಜಾಗ ಬಿಟ್ಟು, ಡಿಡಿ ಕಮಾಂಡ್‌ನಿಂದ ರೂಟ್ ಪಾರ್ಟಿಶನ್ನಿನ, ಅಂದರೆ ಸಿಸ್ಟಮ್ ಇರುವ ಭಾಗದ, ನಕಲು ಇಟ್ಟು ಅದಕ್ಕೆ ರಿಕವರಿ ಎಂದು ಹೆಸರು ಕೊಟ್ಟೆ. ಮುಖ್ಯ ಸಿಸ್ಟಮ್ ಕೆಟ್ಟಾಗ ಅದು ತಾನಾಗಿ ಬರಲೇ ಇಲ್ಲ. ಟೇಬಲ್ ಮೇಲೆ ಕೈಯಾರೆ ಬೂಟ್ ಮಾಡಿದರೆ ಕೆಟ್ಟ ಪಾರ್ಟಿಶನ್ನನ್ನೇ ಹೋಗಿ ಮೌಂಟ್ ಮಾಡುತ್ತದೆ (ಬಳಕೆಗೆ ತೆರೆಯುತ್ತದೆ). ಎಲ್ಲಿ ತಪ್ಪಿದೆ?

ಉತ್ತರ: ಎರಡನೆಯ ತೊಂದರೆ ಸುಲಭದ್ದು, ಅದನ್ನು ಮೊದಲು ಮುಗಿಸೋಣ.

ಡಿಡಿ ಎಲ್ಲವನ್ನೂ ನಕಲು ಮಾಡುತ್ತದೆ, ಫೈಲ್‌ಸಿಸ್ಟಮ್‌ನ ಗುರುತಿನ ಸಂಖ್ಯೆಯಾದ ಯುಯುಐಡಿಯನ್ನೂ ಸೇರಿಸಿ. ಅಂದರೆ ನಿಮ್ಮ ಇಎಂಎಂಸಿಯಲ್ಲಿ ಈಗ ಒಂದೇ ಗುರುತಿನ ಚೀಟಿ ಇಟ್ಟುಕೊಂಡ ಇಬ್ಬರು ಇದ್ದಾರೆ. ಯಾವ ಪಾರ್ಟಿಶನ್ ಮೌಂಟ್ ಮಾಡಬೇಕೆಂಬ ಪಟ್ಟಿಯಾದ ಎಫ್‌ಎಸ್‌ಟ್ಯಾಬ್ ಆ ಯುಯುಐಡಿ ಹೆಸರು ಹಿಡಿದು ಕರೆದರೆ ಯಾರು ಓಗೊಡುತ್ತಾರೋ ಹೇಳಲಾಗುವುದಿಲ್ಲ. ಅದರಲ್ಲಿ ಯುಯುಐಡಿ ಬದಲು ಸಾಧನದ ಹೆಸರೇ ಇದ್ದರೂ ಗತಿ ಅದೇ. ನಕಲಿನ ಒಳಗಿರುವ ಎಫ್‌ಎಸ್‌ಟ್ಯಾಬ್ ಕೂಡ ನಕಲೇ ತಾನೆ? ಅದು ಈಗಲೂ ಮೊದಲ ಪಾರ್ಟಿಶನ್ನಿನ ಕಡೆಗೇ ಬೆರಳು ತೋರಿಸುತ್ತಿದೆ. ಟ್ಯೂನ್‌ಟುಎಫ್‌ಎಸ್ ಕಮಾಂಡ್‌ನಿಂದ ಯುಯುಐಡಿ ಬದಲಿಸಿ, ಎಫ್‌ಎಸ್‌ಟ್ಯಾಬ್ ತಿದ್ದಿದರೆ ಈ ವಿಚಿತ್ರ ನಿಲ್ಲುತ್ತದೆ.

ಆದರೆ ಅಷ್ಟು ಮಾಡಬೇಡಿ. ಆ ನಕಲನ್ನೇ ತೆಗೆದುಹಾಕಿ. ಮುಖ್ಯ ಸಿಸ್ಟಮ್‌ನ ಅವಳಿ ಜವಳಿಯನ್ನು ಪಕ್ಕದಲ್ಲಿ ಮಲಗಿಸಿದರೆ ಅದು ರಿಕವರಿ ಆಗುವುದಿಲ್ಲ. ಅದೇ ಡೆಬಿಯನ್, ಅದೇ ಸೇವೆಗಳು, ಅದೇ ಎಕ್ಸ್‌ಟಿ4 ಫೈಲ್‌ಸಿಸ್ಟಮ್. ಒಂದಕ್ಕೆ ಬಂದ ಜ್ವರ ಇನ್ನೊಂದಕ್ಕೂ ಬರುತ್ತದೆ.

2004ರ ಜನವರಿಯಲ್ಲಿ ಮಂಗಳ ಗ್ರಹದ ಮೇಲೆ ನಾಸಾದ ಸ್ಪಿರಿಟ್ ರೋವರ್ ಇಳಿದು ಮೂರು ವಾರ ಆಗಿರಲಿಲ್ಲ, ಮಾತು ನಿಲ್ಲಿಸಿತು. ಅದರ ಫ್ಲ್ಯಾಶ್‌ನಲ್ಲಿ ಫೈಲುಗಳು ಜಾಸ್ತಿಯಾಗಿದ್ದವು. ಫೈಲ್‌ಸಿಸ್ಟಮ್ ಮೌಂಟ್ ಮಾಡಲು ಹೋದಾಗಲೆಲ್ಲ ರ‍್ಯಾಮ್ ಸಾಲದೆ ಕಂಪ್ಯೂಟರ್ ಬಿದ್ದು ಮತ್ತೆ ಏಳುತ್ತಿತ್ತು. 60ಕ್ಕೂ ಹೆಚ್ಚು ಸಲ ಹೀಗಾಯಿತು. ಕೊನೆಗೆ ಎಂಜಿನಿಯರುಗಳು ಭೂಮಿಯಿಂದ ಕಳಿಸಿದ ಆಜ್ಞೆ ಇಷ್ಟೇ: ಫ್ಲ್ಯಾಶ್ ಮುಟ್ಟದೆ ಏಳು. ಎದ್ದಿತು. ಅಲ್ಲಿಂದ ಮುಂದೆ ರಿಪೇರಿ ಸಾಧ್ಯವಾಯಿತು. ನಿಮ್ಮ ರಿಕವರಿಯೂ ಇಂಥದ್ದೇ ಆಗಿರಬೇಕು. ಕೆಟ್ಟಿರಬಹುದಾದ ಯಾವುದನ್ನೂ ಮುಟ್ಟದೆ ಏಳಬೇಕು.

ಈಗ ಮೊದಲನೆಯ ಪ್ರಶ್ನೆ. ತಾನಾಗಿ ಯಾಕೆ ಬರಲಿಲ್ಲ? ಬಾ ಎಂದು ಯಾರೂ ಕರೆಯಲಿಲ್ಲ, ಅದಕ್ಕೆ. ನಿಮ್ಮ ಫೋನಿನಲ್ಲಿ ರಿಕವರಿಗೆ ಹೋಗಲು ಗುಂಡಿ ಒತ್ತುವ ಕೈ ಒಂದಿರುತ್ತದೆ. ಡೈರಿಯಲ್ಲಿ ಬೆಳಗಿನ ಐದೂವರೆಗೆ ಹಾಲು ಅಳೆಯುವವರಿಗೆ ಆ ಪುರಸೊತ್ತು ಇಲ್ಲ, ಅದು ಅವರ ಕೆಲಸವೂ ಅಲ್ಲ. ಯಂತ್ರವೇ ಮೂರು ವಿಷಯ ಕಂಡುಕೊಳ್ಳಬೇಕು: ನಾನು ಬಿದ್ದಿದ್ದೇನೆ, ಇದು ಎಷ್ಟನೇ ಸಲ, ಈಗ ಬೇರೆ ದಾರಿ ಹಿಡಿಯಬೇಕು. ಪಾರ್ಟಿಶನ್ ಕತ್ತರಿಸುವುದು ಅರ್ಧ ಗಂಟೆಯ ಕೆಲಸ. ಇದು ಒಂದು ವಾರದ್ದು.

'ನಾನು ಬಿದ್ದಿದ್ದೇನೆ' ಎನ್ನುವುದು ಯಂತ್ರಕ್ಕೆ ಗೊತ್ತಾಗುವುದೇ ಕಷ್ಟ. ನಿಮ್ಮ ಪೆಟ್ಟಿಗೆಗಳು ಏಳದೆ ಉಳಿದಾಗ ನಿಜಕ್ಕೂ ಏನಾಗಿತ್ತು ಎಂದು ಸೀರಿಯಲ್ ಕೇಬಲ್ ಹಾಕಿ ನೋಡಿದ್ದೀರಾ? ನನ್ನ ಊಹೆ ಹೇಳುತ್ತೇನೆ. ಹತ್ತರಲ್ಲಿ ಏಳೆಂಟು ಸಲ ಅವು ಸತ್ತಿರುವುದಿಲ್ಲ, ಕಾಯುತ್ತಿರುತ್ತವೆ. ಕಾಯುವ ಜಾಗಗಳು ಮೂರು.

ಒಂದು, ಕರ್ನಲ್ ಪ್ಯಾನಿಕ್, ಅಂದರೆ ಸಿಸ್ಟಮ್‌ನ ತಿರುಳಾದ ಕರ್ನಲ್ ಮುಂದುವರಿಯಲಾಗದೆ ನಿಲ್ಲುವುದು. ಬೂಟ್ ಸಾಲಿನಲ್ಲಿ (ಕರ್ನಲ್‌ಗೆ ಆಯ್ಕೆಗಳನ್ನು ಕೊಡುವ ಸಾಲು) ಪ್ಯಾನಿಕ್ ಎಂಬ ಆಯ್ಕೆಗೆ ಬೆಲೆ ಕೊಡದಿದ್ದರೆ ಸಾಮಾನ್ಯವಾಗಿ ಅದು ಸೊನ್ನೆ. ಕರ್ನಲ್ ಬಿದ್ದಲ್ಲೇ ಬಿದ್ದಿರುತ್ತದೆ, ರೀಬೂಟ್ ಆಗುವುದಿಲ್ಲ. ಅದಕ್ಕೆ 10 ಕೊಡಿ, ಹತ್ತು ಸೆಕೆಂಡಿಗೆ ತಾನೇ ಮತ್ತೆ ಶುರುವಾಗುತ್ತದೆ.

ಎರಡು, ರೂಟ್‌ವೇಟ್. ಇದನ್ನು ಎಲ್ಲರೂ ಕಣ್ಣು ಮುಚ್ಚಿಕೊಂಡು ಬೂಟ್ ಸಾಲಿಗೆ ಹಾಕುತ್ತಾರೆ. ರೂಟ್ ಪಾರ್ಟಿಶನ್ ಕಾಣಿಸದಿದ್ದರೆ ಅದು ಕೊನೆಯಿಲ್ಲದೆ ಕಾಯುತ್ತದೆ. ಪ್ಯಾನಿಕ್ ಆಗುವುದೇ ಇಲ್ಲ, ಹಾಗಾಗಿ ಮೇಲಿನ ಹತ್ತು ಸೆಕೆಂಡಿನ ಮದ್ದು ಇಲ್ಲಿ ನಾಟುವುದಿಲ್ಲ.

ಮೂರನೆಯದರ ಮೇಲೆ ನನಗೆ ಅನುಮಾನ ಜಾಸ್ತಿ: ಸೇವೆಗಳನ್ನೆಲ್ಲ ಶುರುಮಾಡುವ ಸಿಸ್ಟಮ್‌ಡಿಯ ಎಮರ್ಜೆನ್ಸಿ ಮೋಡ್. ಎಫ್‌ಎಸ್‌ಟ್ಯಾಬ್‌ನಲ್ಲಿರುವ ಒಂದು ಪಾರ್ಟಿಶನ್ ಮೌಂಟ್ ಆಗಲಿಲ್ಲ, ಅಥವಾ ಫೈಲ್‌ಸಿಸ್ಟಮ್ ರಿಪೇರಿ ಮಾಡುವ ಎಫ್‌ಎಸ್‌ಸಿಕೆ ಕೈಚೆಲ್ಲಿತು ಅಂದುಕೊಳ್ಳಿ. ಸಿಸ್ಟಮ್‌ಡಿ ಎಲ್ಲವನ್ನೂ ನಿಲ್ಲಿಸಿ ಕನ್ಸೋಲಿನಲ್ಲಿ ರೂಟ್ ಪಾಸ್‌ವರ್ಡ್ ಕೇಳುತ್ತಾ ಕೂರುತ್ತದೆ. ಕೀಬೋರ್ಡ್ ಇಲ್ಲದ, ಪರದೆ ಇಲ್ಲದ ಪೆಟ್ಟಿಗೆಯೊಳಗೆ. ತಮಾಷೆ ಏನೆಂದರೆ ನೀವು ಸಿಸ್ಟಮ್‌ಡಿಗೆ ವಾಚ್‌ಡಾಗ್ (ಸಮಯಕ್ಕೆ ಸರಿಯಾಗಿ ಸುದ್ದಿ ಬಾರದಿದ್ದರೆ ಯಂತ್ರವನ್ನು ರೀಸೆಟ್ ಮಾಡುವ ಟೈಮರ್) ಒಪ್ಪಿಸಿದ್ದರೆ ಅದು ಈ ಸ್ಥಿತಿಯಲ್ಲೂ ನಾಯಿಗೆ ಸಮಯಕ್ಕೆ ಸರಿಯಾಗಿ ಊಟ ಹಾಕುತ್ತಿರುತ್ತದೆ. ನಾಯಿ ಬೊಗಳುವುದಿಲ್ಲ. ಡೇಟಾ ಪಾರ್ಟಿಶನ್ನಿಗೆ ಎಫ್‌ಎಸ್‌ಟ್ಯಾಬ್‌ನಲ್ಲಿ ನೋಫೇಲ್ ಸೇರಿಸಿ, ಆಗ ಅದು ಮೌಂಟ್ ಆಗದಿದ್ದರೂ ಬೂಟ್ ಮುಂದುವರಿಯುತ್ತದೆ. ಎಮರ್ಜೆನ್ಸಿ ಸೇವೆಯನ್ನು ಬದಲಿಸಿ, ಪಾಸ್‌ವರ್ಡ್ ಕೇಳುವ ಜಾಗದಲ್ಲಿ ಒಂದು ನಿಮಿಷ ಕಾಯ್ದು ರೀಬೂಟ್ ಆಗುವಂತೆ ಮಾಡಿ. ಈ ಎರಡು ತಿದ್ದುಪಡಿಯಿಂದಲೇ ನಿಮ್ಮ ಬೈಕ್ ಓಡಾಟ ಅರ್ಧ ಕಡಿಮೆಯಾದರೆ ನನಗೆ ಆಶ್ಚರ್ಯವಿಲ್ಲ.

ವಾಚ್‌ಡಾಗ್ ಬಗ್ಗೆ ಇನ್ನೊಂದು ಮಾತು. ಅದನ್ನು ಯು-ಬೂಟ್‌ನಲ್ಲೇ (ಕರ್ನಲನ್ನು ಎಬ್ಬಿಸುವ ಬೂಟ್‌ಲೋಡರ್) ಚಾಲೂ ಮಾಡಬೇಕು, ಆಗ ಕರ್ನಲ್ ಏಳುವ ಮೊದಲೇ ಕಾವಲು ಶುರುವಾಗುತ್ತದೆ. ಆದರೆ ನಿಮ್ಮ ಬೋರ್ಡಿನ ಎಎಂ335ಎಕ್ಸ್ ಚಿಪ್‌ಗೆ ಬಳಸುವ ಓಮ್ಯಾಪ್ ವಾಚ್‌ಡಾಗ್ ಡ್ರೈವರ್ ಲೋಡ್ ಆಗುತ್ತಲೇ ಮೊದಲು ಅದನ್ನು ಆರಿಸಿಬಿಡುತ್ತದೆ. ಅರ್ಲಿ ಎನೇಬಲ್ ಎಂಬ ಆಯ್ಕೆಯನ್ನು ಬೂಟ್ ಸಾಲಿನಲ್ಲಿ ಕೊಟ್ಟರೆ ಹಾಗೆ ಮಾಡುವುದಿಲ್ಲ. ರೂಟ್‌ವೇಟ್‌ನಲ್ಲಿ ಸಿಕ್ಕಿಕೊಂಡ ಕರ್ನಲನ್ನು ಬಿಡಿಸುವುದು ಇದೇ.

ಇನ್ನು ಎಣಿಕೆ. ಯು-ಬೂಟ್‌ನಲ್ಲಿ ಬೂಟ್‌ಕೌಂಟ್ ಎಂಬ ಏರ್ಪಾಡು ಇದೆ. ಪ್ರತಿ ಬೂಟ್‌ಗೆ ಒಂದು ಸಂಖ್ಯೆ ಏರುತ್ತದೆ. ಬೂಟ್‌ಲಿಮಿಟ್ ಎಂದು ನೀವು ಇಟ್ಟ ಮಿತಿಯನ್ನು ಅದು ಮೀರಿದರೆ ಎಂದಿನ ಬೂಟ್ ಕಮಾಂಡ್ ಬದಲು ಪರ್ಯಾಯ ಬೂಟ್ ಕಮಾಂಡ್ ಓಡುತ್ತದೆ. ಅಲ್ಲಿ ರಿಕವರಿಯ ಹಾದಿ ಬರೆದಿಡುತ್ತೀರಿ. ಮಿತಿ 3 ಇಟ್ಟರೆ ನಾಲ್ಕನೆಯ ಸಲ ರಿಕವರಿ. ಇಮೇಜ್ ಜೊತೆ ಬಂದ ಯು-ಬೂಟ್‌ನಲ್ಲಿ ಇದು ಚಾಲೂ ಇದೆ ಎಂದು ನಂಬಿಕೊಳ್ಳಬೇಡಿ, ನೀವೇ ಬಿಲ್ಡ್ ಮಾಡಿಕೊಳ್ಳಿ.

ಈ ಸಂಖ್ಯೆಯನ್ನು ಎಲ್ಲಿ ಇಡಬೇಕು ಎನ್ನುವುದರಲ್ಲೇ ನಿಮ್ಮ ಕೆಲಸಕ್ಕೆ ಬೇಕಾದ ಗುಟ್ಟು ಇದೆ. ಯು-ಬೂಟ್ ತನ್ನ ಸೆಟ್ಟಿಂಗ್ ಇಟ್ಟುಕೊಳ್ಳುವ ಎನ್ವಿರಾನ್‌ಮೆಂಟ್‌ನಲ್ಲಿ, ಅಂದರೆ ಇಎಂಎಂಸಿಯಲ್ಲೇ ಇಡಬಹುದು. ಆಗ ಕರೆಂಟ್ ಹೋದರೂ ಎಣಿಕೆ ಉಳಿಯುತ್ತದೆ. ಒಳ್ಳೆಯದು ಅನ್ನಿಸುತ್ತದೆ, ಅಲ್ವಾ? ನಿಮ್ಮ ಊರುಗಳಲ್ಲಿ ಮಳೆಗಾಲದ ಸಂಜೆ ಕರೆಂಟ್ ಎರಡು ನಿಮಿಷದಲ್ಲಿ ಐದು ಸಲ ಕಣ್ಣು ಮಿಟುಕಿಸುತ್ತದೆ. ಐದೂ ಎಣಿಕೆಗೆ ಸೇರುತ್ತವೆ. ಏನೂ ಕೆಡದ ಯಂತ್ರ ಸುಮ್ನೆ ರಿಕವರಿಗೆ ಹೋಗುತ್ತದೆ.

ಎಎಂ335ಎಕ್ಸ್‌ನ ಆರ್‌ಟಿಸಿ (ಗಡಿಯಾರ) ಭಾಗದಲ್ಲಿ ಸ್ಕ್ರ್ಯಾಚ್ ರಿಜಿಸ್ಟರ್ ಎಂಬ ಪುಟ್ಟ ಜಾಗವಿದೆ, ಯು-ಬೂಟ್ ಅಲ್ಲೂ ಬೂಟ್‌ಕೌಂಟ್ ಇಡಬಲ್ಲದು. ವಾಚ್‌ಡಾಗ್ ಒದ್ದು ರೀಸೆಟ್ ಮಾಡಿದರೆ ಅದು ಉಳಿಯುತ್ತದೆ. ಬೀಗಲ್‌ಬೋನ್‌ನಲ್ಲಿ ಆರ್‌ಟಿಸಿಗೆ ಬ್ಯಾಟರಿ ಇಲ್ಲ, ಹಾಗಾಗಿ ಕರೆಂಟ್ ಹೋದರೆ ಅಳಿಸಿಹೋಗುತ್ತದೆ. ಇದನ್ನು ಕೊರತೆ ಎನ್ನುವವರಿದ್ದಾರೆ. ನಿಮಗೆ ಇದು ವರ. ಕರೆಂಟ್ ಮಿಟುಕಿದ್ದು ಲೆಕ್ಕಕ್ಕೆ ಬರುವುದಿಲ್ಲ, ಕರೆಂಟ್ ಇದ್ದೂ ಬಿದ್ದದ್ದು ಮಾತ್ರ ಬರುತ್ತದೆ. ನಿಜವಾಗಿ ಕೆಟ್ಟ ಯಂತ್ರ ಕರೆಂಟ್ ಬಂದ ಮೇಲೆ ಸೊನ್ನೆಯಿಂದ ಶುರುಮಾಡಿ ಕೆಲವೇ ನಿಮಿಷಗಳಲ್ಲಿ ಮೂರು ಸಲ ಬಿದ್ದು ರಿಕವರಿಗೆ ಬಂದೇ ಬರುತ್ತದೆ. ಇಎಂಎಂಸಿಗೆ ಪ್ರತಿ ಬೂಟ್‌ಗೂ ಬರೆಯುವ ಸವೆತವೂ ಇಲ್ಲ.

ಎಣಿಕೆಯನ್ನು ಸೊನ್ನೆ ಮಾಡುವುದು ಯಾವಾಗ? ಬಹಳ ಜನ ಲಾಗಿನ್ ಬಂದ ಕೂಡಲೇ ಮಾಡಿಬಿಡುತ್ತಾರೆ. ಲಾಗಿನ್ ಬಂದರೆ ಹಾಲು ತಣ್ಣಗಾಯಿತು ಅಂತಲ್ಲ. ನಿಮ್ಮ ಪ್ರೋಗ್ರಾಮ್ ಎದ್ದು, ಸೆನ್ಸರ್‌ನಿಂದ ಒಂದು ನಂಬುವಂಥ ಅಂಕಿ ಓದಿ, ಅದನ್ನು ಡೇಟಾ ಪಾರ್ಟಿಶನ್ನಿಗೆ ಬರೆದು, ಐದು ನಿಮಿಷ ನಿಂತಿದ್ದರೆ ಆಗ ಸೊನ್ನೆ ಮಾಡಲಿ. ಲಿನಕ್ಸ್‌ನ ಆರ್‌ಟಿಸಿ ಡ್ರೈವರ್ ಆ ರಿಜಿಸ್ಟರ್‌ಗಳನ್ನು ಎನ್‌ವಿಮೆಮ್ ಫೈಲ್ ಆಗಿ ತೋರಿಸುತ್ತದೆ, ಅಲ್ಲಿಂದ ಬರೆಯಬಹುದು. ಆದರೆ ಸರ್ವರ್‌ಗೆ ಡೇಟಾ ತಲುಪಿತೇ ಎಂಬುದನ್ನು ಈ ಪರೀಕ್ಷೆಗೆ ಸೇರಿಸಬೇಡಿ. ನಾನೇ ಮಾಡಿದ ತಪ್ಪು ಅದು. ಒಂದು ಪಂಪ್‌ಸೆಟ್ ನಿಯಂತ್ರಕದಲ್ಲಿ ಸರ್ವರ್ ಉತ್ತರ ಕೊಟ್ಟರೆ ಮಾತ್ರ ಆರೋಗ್ಯವಾಗಿದೆ ಎಂದು ಬರೆದಿದ್ದೆ, ಇಲ್ಲದಿದ್ದರೆ ರೀಬೂಟ್. ಒಂದು ದಿನ ಮೊಬೈಲ್ ಟವರ್ ಕೆಟ್ಟಿತು. ಆ ಸೀಮೆಯ ಪೆಟ್ಟಿಗೆಗಳೆಲ್ಲ ಒಟ್ಟಿಗೇ ರಿಕವರಿಗೆ ಹೋಗಿ, ಚೆನ್ನಾಗಿದ್ದ ಸಿಸ್ಟಮ್ ಅಳಿಸಿ, ಹಳೆಯದನ್ನು ಬರೆದುಕೊಂಡವು. ನೆಟ್ ಇಲ್ಲದ್ದು ಯಂತ್ರದ ತಪ್ಪಲ್ಲ.

ಈಗ ಜಾಗದ ಹಂಚಿಕೆ. ಪಾರ್ಟಿಶನ್ ಪಟ್ಟಿಗೆ ಜಿಪಿಟಿ ವಿಧಾನ ಬಳಸಿ, ಅದರ ಇನ್ನೊಂದು ಪ್ರತಿ ಇಎಂಎಂಸಿಯ ಕೊನೆಯಲ್ಲಿ ಇರುತ್ತದೆ. ಮೊದಲ 4 ಎಂಬಿಯನ್ನು ಯಾವ ಪಾರ್ಟಿಶನ್ನಿಗೂ ಕೊಡಬೇಡಿ, ಅದು ಬೂಟ್‌ಲೋಡರ್‌ನ ಜಾಗ. ಚಿಪ್‌ನೊಳಗೇ ಅಚ್ಚಾಗಿರುವ ಆರ್‌ಒಎಂ ಕೋಡ್ ಮೊದಲ ಹಂತದ ಬೂಟ್‌ಲೋಡರ್ ಆದ ಎಂಎಲ್‌ಒ ಫೈಲನ್ನು 0, 128, 256, 384 ಕೆಬಿ ಎಂಬ ನಾಲ್ಕು ಜಾಗಗಳಲ್ಲಿ ಹುಡುಕುತ್ತದೆ. 0ಯಲ್ಲಿ ಪಾರ್ಟಿಶನ್ ಪಟ್ಟಿ ಇರುತ್ತದೆ. 384ರಲ್ಲಿ ಸಾಮಾನ್ಯವಾಗಿ ಯು-ಬೂಟ್ ಕೂರುತ್ತದೆ. ಆದ್ದರಿಂದ 128 ಮತ್ತು 256ರಲ್ಲಿ ಎಂಎಲ್‌ಒದ ಎರಡು ಪ್ರತಿ ಇಡಿ. ಪುಕ್ಕಟೆ ಸಿಗುವ ವಿಮೆ ಇದು, ಆದರೂ ಯಾರೂ ಮಾಡುವುದಿಲ್ಲ. ಯು-ಬೂಟ್ ಎನ್ವಿರಾನ್‌ಮೆಂಟ್‌ಗೂ ಎರಡು ಪ್ರತಿ ಇರಲಿ. ಒಂದಕ್ಕೆ ಬರೆಯುವಾಗ ಕರೆಂಟ್ ಹೋದರೆ ಅದರ ಸಿಆರ್‌ಸಿ (ತಾಳೆ ನೋಡುವ ಸಂಖ್ಯೆ) ತಪ್ಪುತ್ತದೆ, ಯು-ಬೂಟ್ ಇನ್ನೊಂದನ್ನು ಹಿಡಿಯುತ್ತದೆ.

ಆಮೇಲೆ ರಿಕವರಿಗೆ 64 ಎಂಬಿ. ಹೌದು, ಅಷ್ಟೇ. ಅದರಲ್ಲಿರುವುದು ಎಲ್ಲವನ್ನೂ ಒಂದೇ ಫೈಲಿನಲ್ಲಿ ಕಟ್ಟಿದ ಒಂದು ಫಿಟ್ ಇಮೇಜ್: ಕರ್ನಲ್, ಬೋರ್ಡಿನ ಹಾರ್ಡ್‌ವೇರ್ ವಿವರಿಸುವ ಡಿವೈಸ್ ಟ್ರೀ, ಬ್ಯುಸಿಬಾಕ್ಸ್ (ಸಣ್ಣ ಕಮಾಂಡುಗಳ ಕಟ್ಟು) ತುಂಬಿದ, ರ‍್ಯಾಮ್‌ನಲ್ಲೇ ಇರುವ ಇನಿಟ್‌ರಾಮ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಮ್, ಜೊತೆಗೆ ಅವು ಕೆಟ್ಟಿಲ್ಲ ಎಂದು ತಾಳೆ ನೋಡಲು ಅವುಗಳ ಶಾ-256. ಯು-ಬೂಟ್ ಇದನ್ನು ರ‍್ಯಾಮ್‌ಗೆ ಎತ್ತಿಕೊಂಡು, ಶಾ ಸರಿಯಿದೆಯೇ ನೋಡಿ ಬಿಡುತ್ತದೆ. ಅಲ್ಲಿಂದ ಮುಂದೆ ಎಲ್ಲವೂ 512 ಎಂಬಿ ರ‍್ಯಾಮ್‌ನಲ್ಲೇ. ಇಎಂಎಂಸಿಯ ಒಂದು ಪಾರ್ಟಿಶನ್ನೂ ಮೌಂಟ್ ಆಗಬೇಕಿಲ್ಲ. ಸ್ಪಿರಿಟ್ ಎದ್ದದ್ದು ಹೀಗೇ.

ಮುಂದಿನ ಪಾರ್ಟಿಶನ್ ಮೂಲ ಇಮೇಜ್‌ಗೆ. ಕಾರ್ಖಾನೆಯಿಂದ ಹೊರಟ ದಿನದ ರೂಟ್ ಫೈಲ್‌ಸಿಸ್ಟಮ್ಮನ್ನು ಸ್ಕ್ವಾಶ್‌ಎಫ್‌ಎಸ್ ಆಗಿ ಒತ್ತಿ ಇಡಿ. 1 ಜಿಬಿಯ ಡೆಬಿಯನ್ ಸಾಮಾನ್ಯವಾಗಿ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ, 600 ಎಂಬಿ ಬಿಟ್ಟರೆ ಆರಾಮ. ಸ್ಕ್ವಾಶ್‌ಎಫ್‌ಎಸ್‌ಗೆ ಬರೆಯುವುದೇ ಸಾಧ್ಯವಿಲ್ಲ, ಹಾಗಾಗಿ ಯಾರೋ ಮೌಂಟ್ ಮಾಡಿ ತಿದ್ದಿ ಕೆಡಿಸುವ ಭಯವೂ ಇಲ್ಲ. ಅದರ ನಂತರ 1.5 ಜಿಬಿಯ ಮುಖ್ಯ ಸಿಸ್ಟಮ್. ಉಳಿದದ್ದು ಡೇಟಾ. ತಾಪಮಾನದ ದಾಖಲೆ, ಡೈರಿಯ ಸಂಖ್ಯೆ, ಸಿಮ್‌ನ ಸೆಟ್ಟಿಂಗ್ ಎಲ್ಲವೂ ಡೇಟಾದಲ್ಲೇ ಇರಲಿ. ಮುಖ್ಯ ಸಿಸ್ಟಮ್ ಅಳಿಸಿದರೆ ಯಾರಿಗೂ ಏನೂ ನಷ್ಟವಾಗಬಾರದು.

ಪಾರ್ಟಿಶನ್‌ಗಳನ್ನು ಪ್ರತಿಯೊಂದರ ಸ್ವಂತ ಗುರುತಾದ ಪಾರ್ಟ್‌ಯುಯುಐಡಿಯಿಂದಲೇ ಕರೆಯಿರಿ. ಎಂಎಂಸಿ 0, ಎಂಎಂಸಿ 1 ಎಂಬ ಸಂಖ್ಯೆಗಳನ್ನು ನಂಬಿ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಹಳೆಯ ಕರ್ನಲ್‌ಗಳಲ್ಲಿ ಎಸ್‌ಡಿ ಕಾರ್ಡ್ ಇದ್ದಾಗ ಇಎಂಎಂಸಿಗೆ ಒಂದು ಸಂಖ್ಯೆ, ಇಲ್ಲದಾಗ ಇನ್ನೊಂದು. ನನ್ನ ರಿಕವರಿ ಸ್ಕ್ರಿಪ್ಟ್ ಬಹಳ ನಿಷ್ಠೆಯಿಂದ ಗ್ರಾಹಕರ ಲಾಗ್ ಇದ್ದ ಎಸ್‌ಡಿ ಕಾರ್ಡನ್ನು ಅಳಿಸಿತ್ತು.

ರಿಕವರಿ ಎದ್ದ ಮೇಲೆ ಮಾಡುವ ಮೊದಲ ಕೆಲಸ ಅಳಿಸುವುದಾಗಬಾರದು. ಮೊದಲು ಮುಖ್ಯ ಪಾರ್ಟಿಶನ್ನಿಗೆ ಇಟುಎಫ್‌ಎಸ್‌ಸಿಕೆ (ಎಕ್ಸ್‌ಟಿ4ರ ಎಫ್‌ಎಸ್‌ಸಿಕೆ) ಓಡಿಸಿ ಒಂದು ಅವಕಾಶ ಕೊಡಲಿ. ಕರೆಂಟ್ ಹೋಗಿ ಕೆಟ್ಟದ್ದು ಬಹಳ ಸಲ ಇಷ್ಟಕ್ಕೇ ಸರಿಹೋಗುತ್ತದೆ. ಮತ್ತೆ ಬಿದ್ದು ಬಂದರೆ ಆಗ ಮೂಲ ಇಮೇಜ್‌ನ ಶಾ ತಾಳೆ ನೋಡಿ, ಮುಖ್ಯ ಪಾರ್ಟಿಶನ್ನನ್ನು ಹೊಸದಾಗಿ ಫಾರ್ಮ್ಯಾಟ್ ಮಾಡಿ ಬರೆಯಲಿ. ಹಾಗೆ ಬರೆದದ್ದೂ ನಿಲ್ಲದಿದ್ದರೆ? ಬರೆ, ಬೀಳು, ಬರೆ, ಬೀಳು ಎಂದು ರಾತ್ರಿಯಿಡೀ ತಿರುಗಿದರೆ ಇಎಂಎಂಸಿಯೇ ಸವೆದುಹೋಗುತ್ತದೆ. ಅದಕ್ಕೇ ರಿಕವರಿಗೂ ತನ್ನದೇ ಎಣಿಕೆ ಬೇಕು. ಇದು ಮಾತ್ರ ಎನ್ವಿರಾನ್‌ಮೆಂಟ್‌ನಲ್ಲಿ ಇರಲಿ, ಕರೆಂಟ್ ಹೋದರೂ ನೆನಪಿರಬೇಕು. ಎರಡು ಸಲ ಬರೆದೂ ಏಳದಿದ್ದರೆ ಬೋರ್ಡಿನ ನಾಲ್ಕು ನೀಲಿ ದೀಪಗಳನ್ನೂ ಒಟ್ಟಿಗೆ ಮಿಟುಕಿಸುತ್ತಾ, ನೆಟ್ ಇದ್ದರೆ ಒಂದು ಸಂದೇಶ ಕಳಿಸಿ, ನಿಮಗಾಗಿ ಕಾಯಲಿ. ನಾಲ್ಕು ದೀಪ ಒಟ್ಟಿಗೆ ಮಿಟುಕಿದರೆ ಫೋನ್ ಮಾಡಿ ಎಂದು ಡೈರಿಯವರಿಗೆ ಹೇಳಿಡಿ. ಅಷ್ಟು ಅವರು ಖಂಡಿತ ಮಾಡುತ್ತಾರೆ.

ಗುಂಡಿಯಿಂದಲೂ ರಿಕವರಿಗೆ ಹೋಗುವ ದಾರಿ ಬೇಕೆಂದು ಬೋರ್ಡಿನಲ್ಲಿರುವ ಎಸ್2 ಗುಂಡಿಗೆ ಕೈ ಹಾಕುತ್ತೀರಿ, ಅಲ್ಲೊಂದು ಹಳ್ಳ ಇದೆ. ಅದನ್ನು ಒತ್ತಿಹಿಡಿದು ಕರೆಂಟ್ ಕೊಟ್ಟರೆ ಚಿಪ್ ಬೂಟ್ ಹುಡುಕುವ ಪಟ್ಟಿಯೇ ಬದಲಾಗುತ್ತದೆ: ಎಸ್‌ಪಿಐ, ಎಸ್‌ಡಿ ಕಾರ್ಡ್, ಯುಎಸ್‌ಬಿ, ಯುಎಆರ್‌ಟಿ. ಇಎಂಎಂಸಿ ಆ ಪಟ್ಟಿಯಲ್ಲಿ ಇಲ್ಲ. ಕಾರ್ಡ್ ಇಲ್ಲದಿದ್ದರೆ ನಿಮ್ಮ ಯು-ಬೂಟ್ ಓಡುವುದೇ ಇಲ್ಲ, ಇನ್ನು ರಿಕವರಿ ಎಲ್ಲಿಂದ? ಬೇರೊಂದು ಜಿಪಿಐಒ ಪಿನ್ನಿಗೆ ಬೇರೆ ಗುಂಡಿ ಹಾಕಿ, ಹತ್ತು ರೂಪಾಯಿಯ ಕೆಲಸ. ಎಸ್2 ಗುಂಡಿ ಎಸ್‌ಡಿ ಕಾರ್ಡ್‌ನಿಂದ ಏಳಿಸುವ ಕೊನೆಯ ಉಪಾಯವಾಗಿ ಹಾಗೇ ಉಳಿಯಲಿ.

ನೀವು ಕೇಳಿಲ್ಲ, ಆದರೂ ಮುಂದೆ ಬರುವ ಪ್ರಶ್ನೆ: ಇದೆಲ್ಲ ಬಿಟ್ಟು ಎ ಮತ್ತು ಬಿ ಎಂದು ಎರಡು ಸಿಸ್ಟಮ್ ಇಟ್ಟು, ಒಂದು ಓಡುವಾಗ ಇನ್ನೊಂದಕ್ಕೆ ಅಪ್‌ಡೇಟ್ ಬರೆದರಾಗದೇ? ಆಂಡ್ರಾಯ್ಡ್ 2016ರಲ್ಲಿ 7ನೇ ಆವೃತ್ತಿಯಿಂದ ಅದನ್ನು ತಂದಿತು. ಲಿನಕ್ಸ್‌ನಲ್ಲಿ ಇದಕ್ಕೆ ರೌಕ್, ಎಸ್‌ಡಬ್ಲ್ಯೂಅಪ್‌ಡೇಟ್, ಮೆಂಡರ್ ಎಂಬ ಉಪಕರಣಗಳಿವೆ. ತಿಂಗಳಿಗೊಮ್ಮೆ ದೂರದಿಂದ ಅಪ್‌ಡೇಟ್ ಕಳಿಸುವವರಾದರೆ ನಾನು ಅದನ್ನೇ ಹೇಳುತ್ತಿದ್ದೆ, ಅರ್ಧಕ್ಕೆ ನಿಂತ ಅಪ್‌ಡೇಟ್‌ಗೆ ಅದಕ್ಕಿಂತ ಒಳ್ಳೆಯ ಔಷಧ ಇಲ್ಲ. ನಿಮ್ಮ ಯಂತ್ರಗಳು ಕೆಡುತ್ತಿರುವುದು ಅಪ್‌ಡೇಟ್‌ನಿಂದಲ್ಲ, ಕರೆಂಟ್‌ನಿಂದ. ಅದಕ್ಕೆ ಸಣ್ಣ ರಿಕವರಿ ಸಾಕು. ಮುಖ್ಯ ಸಿಸ್ಟಮ್ಮನ್ನು ಓದಲು ಮಾತ್ರ ಮೌಂಟ್ ಮಾಡಿ, ಬರೆಯುವುದೆಲ್ಲ ಡೇಟಾಕ್ಕೆ ಹೋಗುವಂತೆ ಮಾಡಿದರೆ ರಿಕವರಿಗೂ ಕೆಲಸ ಕಡಿಮೆ. ಬೂಟ್‌ಲೋಡರನ್ನು ಮಾತ್ರ ದೂರದಿಂದ ಎಂದೂ ಬದಲಿಸಬೇಡಿ. ನಾನು ಬದಲಿಸುವುದಿಲ್ಲ.

ರಿಕವರಿ ಇರುವುದೂ ಅದೇ ಇಎಂಎಂಸಿಯಲ್ಲಿ ಎಂಬುದನ್ನೂ ಮರೆಯಬೇಡಿ. ಚಿಪ್ಪೇ ಹೋದರೆ ಎರಡೂ ಹೋದವು. ಮುಖ್ಯ ಸಿಸ್ಟಮ್ ತಿಂಗಳಿಗೊಮ್ಮೆ ರಿಕವರಿ ಮತ್ತು ಮೂಲ ಇಮೇಜ್ ಪೂರ್ತಿ ಓದಿ ಶಾ ತಾಳೆ ನೋಡಿ, ತಪ್ಪಿದ್ದರೆ ವರದಿ ಕಳಿಸಲಿ. ಇಎಂಎಂಸಿ 5.0ರಿಂದ ಈಚಿನ ಚಿಪ್‌ಗಳು ತಮ್ಮ ಆಯಸ್ಸು ಎಷ್ಟು ಸವೆದಿದೆ ಎಂದು ಹತ್ತು ಹತ್ತು ಪರ್ಸೆಂಟಿನ ಲೆಕ್ಕದಲ್ಲಿ ಹೇಳುತ್ತವೆ, ಎಂಎಂಸಿ-ಯುಟಿಲ್ಸ್‌ನಿಂದ ಅದನ್ನೂ ಓದಿ ಸೇರಿಸಿ. ಅದೇ ಉಪಕರಣದಲ್ಲಿ ರೈಟ್ ಪ್ರೊಟೆಕ್ಟ್ ಆಯ್ಕೆಗಳೂ ಇವೆ. ಕರೆಂಟ್ ಹೋಗಿ ಬರುವವರೆಗೆ ಮಾತ್ರ ಇರುವ ಬಗೆಯನ್ನು ಧೈರ್ಯವಾಗಿ ಬಳಸಿ. ಶಾಶ್ವತ ಬಗೆಯನ್ನು ಪ್ರಯೋಗಕ್ಕೂ ಮುಟ್ಟಬೇಡಿ, ಅದನ್ನು ವಾಪಸ್ ತೆಗೆಯಲು ಬರುವುದಿಲ್ಲ.

ಇಷ್ಟಾದ ಮೇಲೆ ಒಂದು ಬೋರ್ಡನ್ನು ಟೇಬಲ್ ಮೇಲೆ ಬಲಿ ಕೊಡಿ. ಒಂದು ರಿಲೇ ಹಾಕಿ, ಮೂರರಿಂದ ತೊಂಬತ್ತು ಸೆಕೆಂಡಿನ ನಡುವೆ ಮನಸ್ಸಿಗೆ ಬಂದಾಗ ಕರೆಂಟ್ ಕತ್ತರಿಸುವಂತೆ ಮಾಡಿ ರಾತ್ರಿ ಬಿಟ್ಟು ಮಲಗಿ. ಸೀರಿಯಲ್ ಲಾಗ್ ಇನ್ನೊಂದು ಕಂಪ್ಯೂಟರಿನಲ್ಲಿ ಉಳಿಯಲಿ. ಮರುದಿನ ನೀವೇ ಕೆಡಿಸಿ: ಇನಿಟ್ (ಕರ್ನಲ್ ಮೊದಲು ಓಡಿಸುವ ಪ್ರೋಗ್ರಾಮ್) ಅಳಿಸಿ, ಕರ್ನಲ್ ಫೈಲನ್ನು ಅರ್ಧ ಕತ್ತರಿಸಿ, ರೂಟ್ ಪಾರ್ಟಿಶನ್ನಿನ ಮೊದಲ ಕೆಲವು ಎಂಬಿಗೆ ಸೊನ್ನೆ ಬರೆಯಿರಿ, ಡೇಟಾ ತುಂಬಿಸಿ. ಮುಖ್ಯವಾಗಿ, ರಿಕವರಿ ಮೂಲ ಇಮೇಜ್ ಬರೆಯುತ್ತಿರುವಾಗಲೇ ಕರೆಂಟ್ ತೆಗೆಯಿರಿ. ಜನ ಪರೀಕ್ಷಿಸದೆ ಬಿಡುವುದು ಇದನ್ನೇ. ಅರ್ಧ ಬರೆದ ಸಿಸ್ಟಮ್ ಏಳದೆ ಮೂರು ಸಲ ಬಿದ್ದು ಮತ್ತೆ ರಿಕವರಿಗೆ ಬರಬೇಕು. ಬರೆಯುವುದು ಪೂರ್ತಿಯಾದ ಮೇಲೆ ಮಾತ್ರ ರಿಕವರಿಯ ಎಣಿಕೆ ಏರಿಸಿ. ಇಲ್ಲದಿದ್ದರೆ ಎರಡು ಸಲ ಕರೆಂಟ್ ಹೋದದ್ದಕ್ಕೇ ಪೆಟ್ಟಿಗೆ ಕೈಚೆಲ್ಲಿ ದೀಪ ಮಿಟುಕಿಸುತ್ತಾ ಕೂರುತ್ತದೆ.

ಈಗಾಗಲೇ ಹಳ್ಳಿಗಳಲ್ಲಿರುವ 40 ಪೆಟ್ಟಿಗೆಗಳ ಪಾರ್ಟಿಶನ್ನನ್ನು ದೂರದಿಂದ ಬದಲಿಸುವ ಯೋಚನೆ ಮಾಡಬೇಡಿ. ಪ್ಯಾನಿಕ್, ನೋಫೇಲ್, ಎಮರ್ಜೆನ್ಸಿ ರೀಬೂಟ್ ಈ ಮೂರನ್ನು ಈಗಲೇ ನೆಟ್ ಮೂಲಕ ಕಳಿಸಿ, ಅದರಲ್ಲಿ ಅಪಾಯ ಕಡಿಮೆ. ಆದರೆ ಎಮರ್ಜೆನ್ಸಿಯ ತಿದ್ದುಪಡಿಯನ್ನು ಮೊದಲು ಎರಡು ಪೆಟ್ಟಿಗೆಗೆ ಮಾತ್ರ ಕಳಿಸಿ ಒಂದು ವಾರ ನೋಡಿ. ಪೂರ್ತಿ ಹೊಸ ಹಂಚಿಕೆ ಬರೆಯುವ ಎಸ್‌ಡಿ ಕಾರ್ಡ್ ಒಂದನ್ನು ಸಿದ್ಧ ಮಾಡಿಕೊಂಡು ಬೈಕಿನಲ್ಲೇ ಇಟ್ಟಿರಿ. ಹೇಗೂ ಯಾವುದಾದರೂ ಡೈರಿಗೆ ಹೋದಾಗ ಎಸ್2 ಒತ್ತಿಹಿಡಿದು ಕರೆಂಟ್ ಕೊಟ್ಟು, ಡೇಟಾವನ್ನು ಮೊದಲು ಕಾರ್ಡಿಗೆ ನಕಲು ಮಾಡಿಕೊಂಡು, ಆಮೇಲೆ ಬರೆಯಿರಿ. ಮೊದಲ ಎರಡು ಮೂರು ಕಡೆ ಸೀರಿಯಲ್ ಕೇಬಲ್ ಜೊತೆಗಿರಲಿ. ಏಳದ ಪೆಟ್ಟಿಗೆಯೊಂದು ಕನ್ಸೋಲಿನಲ್ಲಿ ಪಾಸ್‌ವರ್ಡ್ ಕೇಳುತ್ತಾ ಕೂತಿದ್ದರೆ ಅದರ ಲಾಗ್ ನನಗೂ ಕಳಿಸಿ.